ಮಾರ್ಫಿನ್ ತೆಗೆದುಕೊಂಡ ತಿಂಗಳುಗಳು

ಅರವತ್ತು ದಾಟಿದವನಿಗೆ ಬೆನ್ನು ನೋಯುತ್ತದೆ ಎಂದರೆ ನಮ್ಮ ಊರಿನಲ್ಲಿ ಅದು ಸುದ್ದಿಯೇ ಅಲ್ಲ. ಬ್ರಹ್ಮಾವರದ ಸಮೀಪದ ಒಂದು ವ್ಯವಸಾಯ ಸೇವಾ ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದ ನನಗೆ, ಜೀವಮಾನವಿಡೀ ಕುರ್ಚಿಯಲ್ಲಿ ಬಾಗಿ ಲೆಡ್ಜರು ನೋಡಿದ್ದಕ್ಕೆ ಬಂದ ನೋವು ಇದು ಎಂದು ಮನೆಯವರೂ ನೆರೆಯವರೂ ಹೇಳಿದರು. ಮುಲಾಮು, ಕಷಾಯ, ತೈಲ, ಆಮೇಲೆ ಡೈಕ್ಲೊಫೆನಾಕ್ ಮಾತ್ರೆ, ಎಲ್ಲವೂ ಸರದಿಯಂತೆ ಬಂದು ಹೋದವು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕೊಡಪಾನ ಎತ್ತುವಾಗ ಬೆನ್ನಿನೊಳಗೆ ಏನೋ ಮುರಿದ ಹಾಗಾಗಿ ಅಲ್ಲೇ ಕುಸಿದು ಕುಳಿತೆ. ಎಬ್ಬಿಸಿ ಒಳಗೆ ಕರೆತರಲು ಇಬ್ಬರು ಬೇಕಾದರು. ಎಕ್ಸ್-ರೇಯಲ್ಲಿ ಸೊಂಟದ ಮೇಲಿನ ಬೆನ್ನುಮೂಳೆಯ ಒಂದು ಮಣಿ ಚಪ್ಪಟೆಯಾಗಿರುವುದು ಕಂಡಿತು. ರಕ್ತ ಪರೀಕ್ಷೆ, ಅಸ್ಥಿಮಜ್ಜೆಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಣಿಪಾಲದ ವೈದ್ಯರು ಹೇಳಿದ ಹೆಸರು ಮಲ್ಟಿಪಲ್ ಮೈಲೋಮಾ, ಅಂದರೆ ಅಸ್ಥಿಮಜ್ಜೆಯೊಳಗಿನ ಪ್ಲಾಸ್ಮಾ ಕೋಶಗಳ ಕ್ಯಾನ್ಸರು. ಅದು ಎಲುಬನ್ನು ಅಲ್ಲಲ್ಲಿ ಕರಗಿಸುತ್ತದೆ, ಮೂತ್ರಪಿಂಡಗಳಿಗೂ ಹಾನಿ ಮಾಡುತ್ತದೆ. ಆ ಕಾರಣಕ್ಕೆ ಅವರು ಮಾಡಿದ ಮೊದಲ ಕೆಲಸವೆಂದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಪೂರ್ತಿಯಾಗಿ ನಿಲ್ಲಿಸಿದ್ದು. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಆ ಮಾತ್ರೆಗಳು ನನ್ನಂಥ ರೋಗಿಯ ಮೂತ್ರಪಿಂಡಕ್ಕೆ ಎಷ್ಟು ಅಪಾಯಕಾರಿ ಎಂಬುದು ನನಗೆ ತಿಳಿದದ್ದು ಆಗಲೇ.

ಕ್ಯಾನ್ಸರಿನ ಚಿಕಿತ್ಸೆಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಹೊಟ್ಟೆಯ ಚರ್ಮದಡಿ ವಾರಕ್ಕೊಮ್ಮೆ ಬೊರ್ಟೆಜೊಮಿಬ್ ಚುಚ್ಚುಮದ್ದು, ಜೊತೆಗೆ ಮಾತ್ರೆಗಳು ಎಂಬ ಕ್ರಮದಲ್ಲಿ ಅದು ಆರಂಭವಾಯಿತು. ಆದರೆ ಆ ಔಷಧಿ ಕೆಲಸ ಮಾಡಿ ಎಲುಬಿನ ನೋವು ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರವರೆಗೆ ಮನುಷ್ಯ ಮಲಗುವುದು ಹೇಗೆ, ಶೌಚಾಲಯಕ್ಕೆ ಎದ್ದು ಹೋಗುವುದು ಹೇಗೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಪ್ಯಾರಾಸಿಟಮಾಲ್ ಸಾಲಲಿಲ್ಲ. ಅದರೊಂದಿಗೆ ಟ್ರಮಡಾಲ್ ಕೊಟ್ಟರು. ಅದರಿಂದ ನೋವು ಸ್ವಲ್ಪವೇ ತಗ್ಗಿತು, ವಾಕರಿಕೆ ಮಾತ್ರ ಧಾರಾಳವಾಗಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆಂದು ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಸೂಚಿಸಿತ್ತು: ಮೊದಲು ಸಾಧಾರಣ ನೋವುನಿವಾರಕ, ಅದು ಸಾಲದಿದ್ದರೆ ಕೊಡೀನ್, ಟ್ರಮಡಾಲ್‌ನಂಥ ಸೌಮ್ಯ ಓಪಿಯಾಯ್ಡ್ (ಅಫೀಮಿನ ಸಾರದಂತೆ ಕೆಲಸ ಮಾಡುವ ನೋವುನಿವಾರಕ), ಅದೂ ಸಾಲದಿದ್ದರೆ ಮಾರ್ಫಿನ್. ನಾನು ಎರಡನೆಯ ಮೆಟ್ಟಿಲಿನ ಮೇಲೆ ನಿಂತು ರಾತ್ರಿಯಿಡೀ ಗೋಡೆ ಗಡಿಯಾರ ನೋಡುತ್ತಿದ್ದೆ. ಇದನ್ನು ತಿಳಿದ ಕ್ಯಾನ್ಸರ್ ವೈದ್ಯರು ಪ್ಯಾಲಿಯೇಟಿವ್ ಕೇರ್, ಅಂದರೆ ರೋಗಿಯ ನೋವು, ಸಂಕಟ ತಗ್ಗಿಸುವ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು.

ಆ ಚೀಟಿಯನ್ನು ನೋಡಿ ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತು. "ಅದು ಕೊನೆಯ ಹಂತದವರಿಗೆ ಅಲ್ವಾ?" ಎಂದು ಆಕೆ ಒಳಗೆ ಕುಳಿತ ಕೂಡಲೇ ಕೇಳಿದಳು. ಮಗಳ ವಯಸ್ಸಿನ ಆ ವೈದ್ಯೆ ಸ್ವಲ್ಪವೂ ಬೇಸರಿಸದೆ, "ಅಲ್ಲಮ್ಮ, ನೋವು ಇದ್ದವರಿಗೆ. ನೋವು ಕಡಿಮೆಯಾದರೆ ಇವರು ಚಿಕಿತ್ಸೆಯನ್ನು ಪೂರ್ತಿ ಮಾಡಿಸಿಕೊಳ್ತಾರೆ, ಅದಕ್ಕೇ ಕಳಿಸಿದ್ದು" ಎಂದರು. ಬಳಿಕ ಅವರು ಕೇಳಿದ ಪ್ರಶ್ನೆಗಳು ನಾನು ಬೇರೆಲ್ಲೂ ಕೇಳಿರದವು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಎಷ್ಟು ಅಂಕ ಕೊಡುತ್ತೀರಿ? ಕುಳಿತಾಗ ಎಷ್ಟು, ಮಗ್ಗುಲು ಬದಲಾಯಿಸುವಾಗ ಎಷ್ಟು? ನೋವು ಮಂದವಾಗಿ ಕೊರೆಯುವಂಥದ್ದೋ, ಕಾಲಿಗೆ ಚುಳುಕೆಂದು ಇಳಿಯುವಂಥದ್ದೋ? ಇಷ್ಟಕ್ಕೆ ನಿಲ್ಲದೆ, ಮದ್ಯ ಸೇವಿಸುವ ಅಭ್ಯಾಸ ಇದೆಯೇ, ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತೀರಾ, ರಾತ್ರಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗುತ್ತದೆಯೇ, ಮೂತ್ರ ಕಟ್ಟುತ್ತದೆಯೇ, ಮಲ ದಿನಾ ಹೋಗುತ್ತದೆಯೇ, ಮನೆತನದಲ್ಲಿ ಯಾರಿಗಾದರೂ ಕುಡಿತದ ಚಟ ಇತ್ತೇ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಬೀಗ ಹಾಕುವ ಕಪಾಟು ಇದೆಯೇ ಎಂದೆಲ್ಲ ವಿಚಾರಿಸಿದರು. ಸಾಲ ಮಂಜೂರು ಮಾಡುವ ಮೊದಲು ನಾನೂ ಸದಸ್ಯರನ್ನು ಹೀಗೆಯೇ ವಿಚಾರಿಸುತ್ತಿದ್ದವನಾದ್ದರಿಂದ, ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಅಪಾಯದ ಲೆಕ್ಕಾಚಾರ ಇದೆ ಎಂಬುದು ನನಗೆ ಕೂಡಲೇ ತಿಳಿಯಿತು. ಕೊನೆಯಲ್ಲಿ ಅವರು ಮಾರ್ಫಿನ್ ಎಂಬ ಹೆಸರನ್ನು ಮರೆಮಾಚದೆ ಹೇಳಿದರು.

ಆ ಹೆಸರು ಮನೆಗೆ ತಲುಪುವ ಮೊದಲೇ ನೆಂಟರಿಗೆ ತಲುಪಿತ್ತು. ಅಣ್ಣ ಫೋನು ಮಾಡಿ, "ಅಫೀಮು ಕೊಡ್ತಾರಂತೆ, ಹೌದಾ?" ಎಂದು ಕೇಳಿದ. ಮಂಗಳೂರಿನಲ್ಲಿ ಮಾದಕ ವಸ್ತು ಸಿಕ್ಕಿಬಿದ್ದ ಸುದ್ದಿಯನ್ನು ಆಗಾಗ ಪತ್ರಿಕೆಯಲ್ಲಿ ಓದುವವರಿಗೆ ಅದೇ ಕುಲದ ಮದ್ದು ಮನೆಯ ಕಪಾಟಿನಲ್ಲಿ ಇರುತ್ತದೆ ಎಂದರೆ ಹೆದರಿಕೆಯಾಗುವುದು ಸಹಜ. ಅಣ್ಣ ಕೇಳಿದ್ದು ಸುಳ್ಳೂ ಅಲ್ಲ. ಮಾರ್ಫಿನ್ ಗಸಗಸೆ ಗಿಡದ ಹಸಿಕಾಯಿಯನ್ನು ಗೀರಿದಾಗ ಒಸರುವ ಅಫೀಮಿನ ಸಾರವೇ. ಜರ್ಮನಿಯ ಸೆರ್ಟುರ್ನರ್ ಎಂಬ ಔಷಧ ತಯಾರಕ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಬೇರ್ಪಡಿಸಿದ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಪರವಾನಗಿ ಪಡೆದು ಅಫೀಮು ಬೆಳೆಯುತ್ತಾರೆ, ನೀಮಚ್ ಮತ್ತು ಗಾಜೀಪುರದ ಸರಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ. ಜಗತ್ತಿನ ಔಷಧಗಳಿಗೆ ಅಫೀಮು ಒದಗಿಸಿದ ಈ ದೇಶದಲ್ಲಿಯೇ ಬಹುಕಾಲ ನೋವಿನ ರೋಗಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. 1985ರ ಮಾದಕ ದ್ರವ್ಯ ಕಾಯಿದೆ ಬಂದ ಬಳಿಕ ಒಂದು ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಬೇಕಾದರೆ ಬೇರೆ ಬೇರೆ ಇಲಾಖೆಗಳಿಂದ ಹಲವು ಪರವಾನಗಿಗಳನ್ನು ಪಡೆಯಬೇಕಾಗಿತ್ತು. ಒಂದನ್ನು ಪಡೆಯುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಆ ದಶಕದ ನಂತರ ದೇಶದಲ್ಲಿ ಮಾರ್ಫಿನ್ ಬಳಕೆ ಶೇಕಡಾ 90ಕ್ಕಿಂತ ಹೆಚ್ಚು ಕುಸಿಯಿತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಎಂಬ ಆರನ್ನು ಅಗತ್ಯ ಔಷಧಿಗಳೆಂದು ಗುರುತಿಸಿ, ಮಾನ್ಯತೆ ಪಡೆದ ಚಿಕಿತ್ಸಾ ಸಂಸ್ಥೆಗಳಿಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು ಎಂಬಂತೆ ನಿಯಮವನ್ನು ಸರಳಗೊಳಿಸಲಾಯಿತು.

ನಿಯಮ ಸರಳವಾದರೂ ರೂಢಿ ಬದಲಾಗಿಲ್ಲ. ಮಾರ್ಫಿನ್ ಸಿಗುವುದು ಹೆಚ್ಚಾಗಿ ಮಾನ್ಯತೆ ಪಡೆದ ಆಸ್ಪತ್ರೆಯ ಔಷಧಾಲಯದಲ್ಲಿ. ಉಡುಪಿ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ, ನಮ್ಮ ಕಡೆಗೂ ಇದನ್ನು ತರಿಸಲು ಸಾಧ್ಯವೇ ಎಂದು ನನ್ನ ಮಗ ವಿಚಾರಿಸಿದಾಗ, ಅಲ್ಲಿದ್ದವರು ಚೀಟಿಯನ್ನು ಪೂರ್ತಿ ಓದದೆ, ಯಾರಾದರೂ ನೋಡಿದರೋ ಎಂಬಂತೆ ಆಚೀಚೆ ದೃಷ್ಟಿ ಹಾಯಿಸಿ ಹಿಂದಿರುಗಿಸಿದರಂತೆ. ಆಸ್ಪತ್ರೆಯ ಕೌಂಟರಿನಲ್ಲಿ ನನ್ನ ಹಿಂದೆ ನಿಂತಿದ್ದ ಯುವಕನೊಬ್ಬ ತಾಯಿಯ ಮಾತ್ರೆಗಾಗಿ ಬೈಂದೂರಿನ ಆಚೆಯಿಂದ ಬಸ್ಸಿನಲ್ಲಿ ಬಂದಿದ್ದ. ಅವತ್ತಿನ ಕೂಲಿ ಹೋಯಿತು ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಕಾಗದಪತ್ರದ ಕ್ರಮ ಕಟ್ಟುನಿಟ್ಟಾಗಿರಬೇಕು ಎಂಬುದನ್ನು ಲೆಕ್ಕಪತ್ರದ ಮನುಷ್ಯನಾಗಿ ನಾನು ಒಪ್ಪುತ್ತೇನೆ. ಆದರೆ ತಾಲೂಕಿಗೊಂದಾದರೂ ಕೌಂಟರು ಇಲ್ಲದಿರುವುದು ಕಟ್ಟುನಿಟ್ಟು ಅಲ್ಲ, ಅಸಡ್ಡೆ.

ಮದ್ದು ಕೊಡುವ ಕ್ರಮ ಹೀಗಿತ್ತು. ಪ್ರತ್ಯೇಕ ಚೀಟಿ, ಗುರುತಿನ ಚೀಟಿಯ ಪ್ರತಿ, ಎರಡು ವಾರಕ್ಕೆ ಬೇಕಾಗುವಷ್ಟೇ ಮಾತ್ರೆ, ರಿಜಿಸ್ಟರಿನಲ್ಲಿ ಸಹಿ. ಮೊದಲ ಪ್ರಮಾಣ 5 ಮಿ.ಗ್ರಾಂ., ಅಂದರೆ 10 ಮಿ.ಗ್ರಾಂ. ಮಾತ್ರೆಯ ಅರ್ಧ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ರಾತ್ರಿ ಎರಡಕ್ಕೆ ಏಳುವುದು ತಪ್ಪಲೆಂದು ಹತ್ತು ಗಂಟೆಯದ್ದು ಮಾತ್ರ ಎರಡರಷ್ಟು. ನೋವು ಬರಲಿ, ಬಾರದಿರಲಿ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು ಎಂಬುದನ್ನು ನರ್ಸ್ ಮತ್ತೆ ಮತ್ತೆ ಹೇಳಿದರು. ಈ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಮಾತ್ರ. ನೋವು ಮೇಲೆದ್ದ ಬಳಿಕ ತೆಗೆದುಕೊಂಡರೆ ಅದನ್ನು ಇಳಿಸಲು ಹೆಚ್ಚು ಮದ್ದು ಬೇಕಾಗುತ್ತದೆ. ಬಡ್ಡಿ ಬೆಳೆದ ಸಾಲದ ವಸೂಲಿಯಂತೆ ಎಂದು ನಾನು ಅರ್ಥ ಮಾಡಿಕೊಂಡೆ. ನಡುವೆ ನೋವು ನುಗ್ಗಿದರೆ ಹೆಚ್ಚುವರಿಯಾಗಿ ತೆಗೆದುಕೊಳ್ಳಲು ಒಂದು ಸಣ್ಣ ಪ್ರಮಾಣವನ್ನು ಬರೆದುಕೊಟ್ಟಿದ್ದರು, ಅದು ಇಡೀ ದಿನದ ಮೊತ್ತದ ಸುಮಾರು ಆರನೆಯ ಒಂದು ಭಾಗ. ತೆಗೆದುಕೊಂಡ ಹೊತ್ತನ್ನು ಬರೆದಿಡಬೇಕು, ಏಕೆಂದರೆ ಮುಂದಿನ ಭೇಟಿಯಲ್ಲಿ ಆ ಹೆಚ್ಚುವರಿ ಪ್ರಮಾಣಗಳನ್ನೆಲ್ಲ ಕೂಡಿಸಿಯೇ ದಿನದ ಪ್ರಮಾಣವನ್ನು ಏರಿಸಬೇಕೇ ಎಂದು ನಿರ್ಧರಿಸುತ್ತಾರೆ.

ಲೆಕ್ಕ ಬರೆಯುವುದು ಎಂದರೆ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಉದ್ದನೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ತಾರೀಕು, ಹೊತ್ತು, ಪ್ರಮಾಣ, ನೋವಿನ ಅಂಕ, ಮಲವಿಸರ್ಜನೆ, ಷರಾ ಎಂದು ಕಾಲಮು ಮಾಡಿದೆ. ಷರಾ ಕಾಲಮಿನ ಮೊದಲ ನಮೂದು, "ಮಾತ್ರೆ ಬಲು ಕಹಿ" ಎಂಬುದು. ಮುಕ್ಕಾಲು ಗಂಟೆಯ ಬಳಿಕ ನೋವು ಎಂಟರಿಂದ ಐದಕ್ಕೆ ಇಳಿದಿತ್ತು. ನೆಂಟರು ಊಹಿಸಿದ ಹಾಗೆ ಅಮಲಾಗಲಿ ಉಲ್ಲಾಸವಾಗಲಿ ನನಗೆ ಬರಲಿಲ್ಲ. ನೋವು ಬೆನ್ನಿನಲ್ಲಿಯೇ ಇತ್ತು, ಆದರೆ ಅದು ನನ್ನನ್ನು ಕೂಗಿ ಕರೆಯುವುದನ್ನು ನಿಲ್ಲಿಸಿತ್ತು. ಪತ್ರಿಕೆಯ ಒಂದು ಪುಟವನ್ನು ಕೊನೆಯವರೆಗೆ ಓದಲು ಸಾಧ್ಯವಾಯಿತು. ಮೊದಲ ಎರಡು ದಿನ ನಾನು ನಿದ್ರಿಸಿದ್ದನ್ನು ಕಂಡು ಮನೆಯವರು ಗಾಬರಿಗೊಂಡರು. ಅದರಲ್ಲಿ ಬಹುಪಾಲು ವಾರಗಟ್ಟಲೆ ಬಾಕಿ ಉಳಿದ ನಿದ್ರೆ ಎಂದು ವೈದ್ಯೆ ಸಮಾಧಾನ ಹೇಳಿದರು. ವಾಕರಿಕೆಗೆ ಕೊಟ್ಟ ಮಾತ್ರೆ ಒಂದು ವಾರದೊಳಗೆ ಬೇಡವಾಯಿತು. ಮಂಪರೂ ಇಳಿಯಿತು. ಬಾಯಿ ಒಣಗುವುದು ಮಾತ್ರ ಉಳಿಯಿತು, ಅದಕ್ಕೆ ಮಜ್ಜಿಗೆ ನೀರು ಸಾಕಾಗುತ್ತಿತ್ತು.

ಇಳಿಯದೇ ಉಳಿಯುವ ಉಪದ್ರವವೆಂದರೆ ಮಲಬದ್ಧತೆ. ಕೋಶಗಳ ಮೇಲೆ ಮಾರ್ಫಿನ್ ಅಂಟಿಕೊಳ್ಳುವ ತಾಣಗಳು, ಅಂದರೆ ಗ್ರಾಹಕಗಳು, ಮಿದುಳು ಮತ್ತು ಬೆನ್ನುಹುರಿಯಲ್ಲಿ ಇರುವಂತೆಯೇ ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಅದು ಕರುಳಿನ ಚಲನೆಯನ್ನೇ ತಗ್ಗಿಸುತ್ತದೆ. ವಾಕರಿಕೆಗೂ ಮಂಪರಿಗೂ ದೇಹ ಒಗ್ಗಿಕೊಳ್ಳುತ್ತದೆ, ಆದರೆ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಮಾರ್ಫಿನ್ ಬರೆದ ಕೈಯಲ್ಲಿಯೇ ಬಿಸಾಕೊಡಿಲ್ ಮಾತ್ರೆಯನ್ನೂ ಲ್ಯಾಕ್ಟುಲೋಸ್ ದ್ರವವನ್ನೂ ವೈದ್ಯೆ ಬರೆದಿದ್ದರು; ಇವು ಇಲ್ಲದೆ ಅದು ಬೇಡ ಎಂಬುದು ಅವರ ಖಡಾಖಂಡಿತ ಮಾತು. ಹಳೆಯ ಕಾಲದ ನನ್ನ ಅತ್ತಿಗೆ ಬಸಳೆ, ಪಪ್ಪಾಯಿ, ಬಾಳೆಹಣ್ಣುಗಳಿಂದಲೇ ಸರಿಮಾಡುತ್ತೇನೆಂದು ಪಣ ತೊಟ್ಟಿದ್ದರು. ತಿನ್ನಲು ಅಡ್ಡಿಯಿಲ್ಲ, ಆದರೆ ಚಲನೆಯೇ ನಿಂತ ಕರುಳಿಗೆ ನಾರು ತುಂಬಿದರೆ ಸಾಲದು, ತಳ್ಳುವ ಮದ್ದೂ ಬೇಕು. ಮೂರು ದಿನ ಮಲ ಹೋಗದಿದ್ದರೆ ಕಾಯದೆ ಫೋನು ಮಾಡಬೇಕೆಂದು ತಿಳಿಸಿದ್ದರು. ನನ್ನ ಪುಸ್ತಕದಲ್ಲಿ ನೋವಿನ ಅಂಕದ ಕಾಲಮಿಗಿಂತ ಈ ಕಾಲಮೇ ನನಗೆ ಹೆಚ್ಚು ಚಿಂತೆ ತಂದಿತ್ತು ಎಂದರೆ ಓದುಗರು ನಗಬಹುದು, ಆದರೆ ಮಾರ್ಫಿನ್ ತೆಗೆದುಕೊಂಡ ಯಾರನ್ನು ಬೇಕಾದರೂ ಕೇಳಿ ನೋಡಿ.

ಪ್ರಮಾಣ ಮೆಲ್ಲಗೆ 10ಕ್ಕೆ, ಆಮೇಲೆ 15 ಮಿ.ಗ್ರಾಂ.ಗೆ ಏರಿತು. ಕಾಲಿಗೆ ಇಳಿಯುವ ಚುಳುಕು ನೋವು ಮಾತ್ರ ಮಾರ್ಫಿನ್‌ಗೆ ಬಗ್ಗಲಿಲ್ಲ. ನರ ಒತ್ತಿಕೊಂಡಾಗ ಬರುವ ನೋವಿನ ಮೇಲೆ ಅದರ ಪ್ರಭಾವ ಕಡಿಮೆಯಂತೆ. ಅದಕ್ಕೆ ಪ್ರಿಗಾಬಲಿನ್ ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ಸೇರಿಸಿದರು. ಅದೂ ಮಂಪರು ತರುವಂಥದ್ದು, ಅದೂ ಮೂತ್ರಪಿಂಡದ ಮೂಲಕ ಹೊರಹೋಗುವಂಥದ್ದು, ಎರಡೂ ಸೇರಿದಾಗ ಎಚ್ಚರ ಹೆಚ್ಚು ಬೇಕು ಎಂದು ವೈದ್ಯೆ ನನ್ನ ಹೆಂಡತಿಗೆ ಪ್ರತ್ಯೇಕವಾಗಿ ಹೇಳಿದರು. ಅಲ್ಪ್ರಜೋಲಾಮ್‌ನಂಥ ನಿದ್ರೆ ಮಾತ್ರೆ, ಮದ್ಯ, ಕೆಲವು ಕೆಮ್ಮಿನ ಸಿರಪ್‌ಗಳು, ಇವು ಯಾವುವೂ ಅವರಿಗೆ ತಿಳಿಯದೆ ನನ್ನ ಬಾಯಿಗೆ ಹೋಗಬಾರದು. ಉಸಿರಾಟ ನಿಧಾನವಾಗುವ ಮೊದಲು ಮಂಪರು ಹೆಚ್ಚುತ್ತದೆ. ಮಾತನಾಡಿಸಿದರೆ ಕಣ್ಣು ತೆರೆದು ಉತ್ತರ ಪೂರ್ತಿ ಮಾಡದೆ ಮತ್ತೆ ಮುಚ್ಚಿದರೆ ಮುಂದಿನ ಮಾತ್ರೆ ಕೊಡದೆ ಫೋನು ಮಾಡಿ ಎಂದು ಒಂದು ನಂಬರು ಬರೆದುಕೊಟ್ಟರು. ಸ್ಕೂಟರು ಓಡಿಸುವುದು ಹೇಗೂ ನಿಂತಿತ್ತು.

ಈ ನಡುವೆ ಮನೆಗೆ ಬಂದ ಇಬ್ಬರ ಮಾತನ್ನು ಬರೆಯಬೇಕು. ಪಕ್ಕದ ಮನೆಯ ಹಿರಿಯರೊಬ್ಬರು ಮೊಣಕಾಲು ನೋವಿನಿಂದ ವರ್ಷಗಳಿಂದ ಬಳಲುವವರು. ನಾನು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವುದನ್ನು ನೋಡಿ, "ನಿಮ್ಮದರಲ್ಲಿ ಒಂದು ಮಾತ್ರೆ ನನಗೂ ಕೊಡಿ ಮಾರಾಯ್ರೆ, ಒಂದು ಮದುವೆಗೆ ಹೋಗ್ಲಿಕ್ಕುಂಟು" ಎಂದರು. ಕೊಡಲಿಲ್ಲ. ಏರಿಸುತ್ತಾ ಬಂದ ದೇಹಕ್ಕೆ ಸರಿಹೊಂದುವ ಪ್ರಮಾಣ ಹೊಸಬನ ಉಸಿರಾಟವನ್ನೇ ಕುಗ್ಗಿಸಬಲ್ಲದು ಎಂಬುದು ಒಂದು ಕಾರಣ. ಮೊಣಕಾಲು ಸವೆತದಂಥ ವರ್ಷಾನುಗಟ್ಟಲೆಯ ನೋವಿಗೆ ಈ ಮದ್ದು ಒಳ್ಳೆಯ ಆಯ್ಕೆಯೂ ಅಲ್ಲ ಎಂಬುದು ಇನ್ನೊಂದು. ಬೆನ್ನು, ಸೊಂಟದ ಕೀಲು, ಮೊಣಕಾಲುಗಳ ಹಳೆಯ ನೋವು ಇರುವವರನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಓಪಿಯಾಯ್ಡ್ ತೆಗೆದುಕೊಂಡವರ ಚಲನವಲನ ಸಾಧಾರಣ ನೋವುನಿವಾರಕ ತೆಗೆದುಕೊಂಡವರಿಗಿಂತ ಏನೂ ಉತ್ತಮವಾಗಿರಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದ್ದವು. ಇದನ್ನು ವೈದ್ಯೆಯಿಂದ ತಿಳಿದುಕೊಂಡು ಅವರಿಗೆ ವಿವರಿಸಿದೆ. ಒಪ್ಪಿದರೋ ಇಲ್ಲವೋ ತಿಳಿಯದು, ಮದುವೆಗಂತೂ ರಿಕ್ಷಾದಲ್ಲಿ ಹೋಗಿ ಬಂದರು.

ಇನ್ನೊಬ್ಬ ಅಮೆರಿಕದಿಂದ ರಜೆಗೆ ಬಂದ ನನ್ನ ತಂಗಿಯ ಮಗ. "ಮಾವ, ಅಲ್ಲಿ ಇದರಿಂದಲೇ ಜನ ಸಾಯ್ತಿದ್ದಾರೆ, ನೀವು ಹೇಗೆ ಒಪ್ಪಿದ್ರಿ?" ಎಂದು ಅವನು ನಿಜವಾದ ಕಳವಳದಿಂದ ಕೇಳಿದ. ಅವನ ಮಾತಿನಲ್ಲಿ ಸತ್ಯವಿದೆ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಹೆಸರಿನ, ನಿಧಾನವಾಗಿ ಬಿಡುಗಡೆಯಾಗುವ ಆಕ್ಸಿಕೊಡೋನ್ ಮಾತ್ರೆಯನ್ನು ಅಲ್ಲಿನ ಮಾರುಕಟ್ಟೆಗೆ ತಂದ ಪರ್ಡ್ಯೂ ಕಂಪೆನಿ, ಅದರಿಂದ ಚಟ ಹಿಡಿಯುವ ಸಂಭವ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. ಹಾಗೆ ತಪ್ಪುದಾರಿಗೆಳೆದದ್ದಕ್ಕಾಗಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪನ್ನು ಒಪ್ಪಿಕೊಂಡಿತು. ಬೆನ್ನುನೋವು, ಹಲ್ಲು ಕೀಳಿಸಿದ ನೋವುಗಳಿಗೆಲ್ಲ ಧಾರಾಳವಾಗಿ ಬರೆದ ಮಾತ್ರೆಗಳಿಂದ ಆರಂಭವಾದದ್ದು ಹೆರಾಯಿನ್‌ಗೆ, ಅಲ್ಲಿಂದ ಕಳ್ಳದಾರಿಯಲ್ಲಿ ತಯಾರಾದ ಫೆಂಟನಿಲ್‌ಗೆ ತಿರುಗಿತು. ಅಲ್ಲಿ ಬೇಕಿಲ್ಲದವರಿಗೆ ಹೆಚ್ಚಾಯಿತು, ಇಲ್ಲಿ ಬೇಕಾದವರಿಗೆ ಸಿಗಲಿಲ್ಲ ಎಂದು ನಾನು ಅವನಿಗೆ ಹೇಳಿದೆ. ಅವನು ನನ್ನ ನೋಟುಪುಸ್ತಕವನ್ನು ಬಹಳ ಹೊತ್ತು ತಿರುವಿ ಹಾಕಿದ. ಚಟ ಹಿಡಿಯುವ ಅಪಾಯ ಸೊನ್ನೆ ಎಂದು ನನ್ನ ವೈದ್ಯೆಯೂ ಹೇಳಿರಲಿಲ್ಲ. ನೋವಿಗಲ್ಲದೆ ಮನಸ್ಸಿನ ಬೇಸರಕ್ಕೆ ಮಾತ್ರೆ ಬೇಕೆನಿಸಿದರೆ, ಹೊತ್ತಿಗೆ ಮೊದಲೇ ಮಾತ್ರೆ ಮುಗಿಯತೊಡಗಿದರೆ, ಮುಚ್ಚಿಡದೆ ಹೇಳಬೇಕು ಎಂದು ಮೊದಲ ದಿನವೇ ತಿಳಿಸಿದ್ದರು.

ನಿಜವಾದ ಅಪಾಯ ಬಂದದ್ದು ನೆಂಟರೂ ನೆರೆಯವರೂ ಹೆದರಿದ ದಿಕ್ಕಿನಿಂದ ಅಲ್ಲ. ಮಳೆಗಾಲದ ನಡುವೆ ನನಗೆ ವಾಂತಿಭೇದಿ ಹತ್ತಿತು. ಒಂದೂವರೆ ದಿನದಲ್ಲಿ ದೇಹದ ನೀರು ಇಳಿದು, ಮೊದಲೇ ಅರೆಬರೆಯಾಗಿದ್ದ ಮೂತ್ರಪಿಂಡಗಳ ಕೆಲಸ ಕುಸಿಯಿತು. ಮಾರ್ಫಿನ್ ಅನ್ನು ಯಕೃತ್ತು ಬೇರೆ ರೂಪಕ್ಕೆ ಬದಲಾಯಿಸುತ್ತದೆ, ಆ ರೂಪಗಳನ್ನು ಹೊರಹಾಕಬೇಕಾದದ್ದು ಮೂತ್ರಪಿಂಡ. ಅವು ಒಳಗೇ ಉಳಿದರೆ ಅದೇ ಪ್ರಮಾಣದ ಮಾತ್ರೆ ಗಂಟೆಗಂಟೆಗೂ ಹೆಚ್ಚಾದಂತೆ ವರ್ತಿಸುತ್ತದೆ. ಆ ಸಂಜೆಯ ನೆನಪು ನನಗೆ ತುಂಡುತುಂಡಾಗಿದೆ, ಉಳಿದದ್ದು ಹೆಂಡತಿ ಹೇಳಿದ್ದು. ಕೈಯಲ್ಲಿದ್ದ ಲೋಟ ಎರಡು ಸಲ ಜಿಗಿದು ಗಂಜಿತಿಳಿ ಪಂಚೆಯ ಮೇಲೆ ಚೆಲ್ಲಿತು. ಬೆರಳುಗಳು, ಭುಜ ಸುಮ್ಮನೆ ಅದುರುತ್ತಿದ್ದವು. "ಮಗ ಬಂದನಾ?" ಎಂದು ಕೇಳಿದವನು ಆಕೆಯ ಉತ್ತರ ಮುಗಿಯುವ ಮೊದಲೇ ನಿದ್ರೆಗೆ ಜಾರಿದ್ದೆ. ಆಕೆ ಗಡಿಯಾರದ ಮುಳ್ಳು ನೋಡುತ್ತಾ ನನ್ನ ಎದೆಯ ಏರಿಳಿತ ಎಣಿಸಿದಳು. ಪೂರ್ತಿ ಒಂದು ನಿಮಿಷಕ್ಕೆ ಒಂಬತ್ತು ಬಂತು. ಆರು ಗಂಟೆಯ ಮಾತ್ರೆಯನ್ನು ಕೊಡದೆ ಆ ನಂಬರಿಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿ ಟಾರ್ಚು ಹಿಡಿದು ನೋಡಿದಾಗ ನನ್ನ ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟೇ ಇದ್ದವಂತೆ. ಆಮ್ಲಜನಕ, ಗ್ಲೂಕೋಸು ಮತ್ತು ಲವಣದ ಡ್ರಿಪ್ ಹಾಕಿ, ನಲೋಕ್ಸೋನ್ ಎಂಬ ಚುಚ್ಚುಮದ್ದನ್ನು ನೀರಾಗಿಸಿ ಹನಿಹನಿಯಾಗಿ ಕೊಟ್ಟರು. ಗ್ರಾಹಕಗಳಿಂದ ಮಾರ್ಫಿನ್ ಅನ್ನು ತಳ್ಳಿಹಾಕಿ ಉಸಿರಾಟವನ್ನು ಮರಳಿಸುವುದು ಅದರ ಕೆಲಸ. ಒಮ್ಮೆಲೇ ಪೂರ್ತಿ ಕೊಟ್ಟರೆ ಉಸಿರಿನ ಜೊತೆ ನೋವೂ ಪೂರ್ತಿ ಬಲದಿಂದ ಮರಳುತ್ತದೆ, ಹಾಗಾಗಿ ಉಸಿರು ಸಾಕಷ್ಟಾಗುವವರೆಗೆ ಮಾತ್ರ ಕೊಡುತ್ತಾರೆ. ಅದರ ಪರಿಣಾಮ ಮಾರ್ಫಿನ್‌ಗಿಂತ ಬೇಗ ಇಳಿಯುವುದರಿಂದ ಇಡೀ ರಾತ್ರಿ ಕಾವಲು ಬೇಕಾಯಿತು. ಬೆಳಿಗ್ಗೆ ಎಚ್ಚರವಾದಾಗ ನನಗೆ ಹಸಿವಾಗಿತ್ತು. "ಮಾತ್ರೆ ತಪ್ಪಲ್ಲ, ನೀವೂ ತಪ್ಪಲ್ಲ, ಕಿಡ್ನಿ ಕೈಕೊಟ್ಟದ್ದು" ಎಂದು ವೈದ್ಯೆ ಹೇಳಿ, ಮಾರ್ಫಿನ್ ನಿಲ್ಲಿಸಿದರು.

ಮೂತ್ರಪಿಂಡದ ಮೇಲೆ ಅಷ್ಟು ಅವಲಂಬಿಸದ ಫೆಂಟನಿಲ್ ಅನ್ನು ಅಂಟುಪಟ್ಟಿಯ ರೂಪದಲ್ಲಿ ಆರಿಸಿದರು. ತೂಕಕ್ಕೆ ತೂಕ ಇಟ್ಟರೆ ಅದು ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಬಲಶಾಲಿ, ಆದ್ದರಿಂದ ಲೆಕ್ಕ ಮಿಲಿಗ್ರಾಂನಲ್ಲಿ ಅಲ್ಲ, ಮೈಕ್ರೊಗ್ರಾಂನಲ್ಲಿ. ಗಂಟೆಗೆ 25 ಮೈಕ್ರೊಗ್ರಾಂ ಬಿಡುವ ಪಟ್ಟಿಯೊಂದು ದಿನಕ್ಕೆ ಬಾಯಿಂದ ತೆಗೆದುಕೊಳ್ಳುವ 60 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚಿನ ಮಾರ್ಫಿನ್‌ಗೆ ಸಮ. ಓಪಿಯಾಯ್ಡ್ ಅಭ್ಯಾಸವೇ ಇಲ್ಲದವರಿಗೆ ಇದನ್ನು ಹಚ್ಚುವಂತಿಲ್ಲ. ಎದೆಯ ಮೇಲ್ಭಾಗದ ಒಣ ಚರ್ಮಕ್ಕೆ ಅಂಟಿಸಿ, ಅಂಗೈಯಿಂದ ಅರ್ಧ ನಿಮಿಷ ಒತ್ತಿಹಿಡಿದು, ತಾರೀಕು ಬರೆಯಬೇಕು. 72 ಗಂಟೆಗಳ ಬಳಿಕ ಬೇರೊಂದು ಜಾಗದಲ್ಲಿ ಹೊಸದು. ಹಚ್ಚಿದ ಮೇಲೆ ಪರಿಣಾಮ ಪೂರ್ತಿಯಾಗಲು ಅರ್ಧ ದಿನದಿಂದ ಒಂದು ದಿನ ಬೇಕು, ಕಿತ್ತ ಮೇಲೂ ಚರ್ಮದಡಿಯ ಸಂಗ್ರಹದಿಂದ ಮದ್ದು ಒಂದು ದಿನದವರೆಗೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ.

ನಮ್ಮ ಕಡೆಯ ಬದುಕಿಗೆ ಈ ಪಟ್ಟಿ ಒಗ್ಗುವುದು ಸುಲಭವಲ್ಲ. ಬಚ್ಚಲ ಹಂಡೆಯಲ್ಲಿ ಕುದಿಯುವ ನೀರು, ಮೈಗೆಲ್ಲ ಎಣ್ಣೆ, ಅದರ ಮೇಲೆ ಚೊಂಬುಗಟ್ಟಲೆ ಬಿಸಿನೀರು ಎರೆದುಕೊಳ್ಳುವ ಸ್ನಾನ ನನಗೆ ಹುಟ್ಟಿನಿಂದ ಬಂದದ್ದು. ಪಟ್ಟಿಯಿರುವ ಚರ್ಮಕ್ಕೆ ಎಣ್ಣೆ ತಾಗಿದರೆ ಅದು ಕಳಚುತ್ತದೆ. ಬಿಸಿ ತಾಗಿದರೆ ರಕ್ತನಾಳಗಳು ಹಿಗ್ಗಿ ಮದ್ದು ಬೇಗಬೇಗನೆ ಒಳಗಿಳಿಯುತ್ತದೆ. ಬಿಸಿನೀರಿನ ಚೀಲವೂ ಬೇಡ, ಜ್ವರ ಬಂದರೆ ಕೂಡಲೇ ತಿಳಿಸಬೇಕು. ಹೀಗಾಗಿ ಉಗುರುಬೆಚ್ಚಗಿನ ನೀರು, ಎಣ್ಣೆ ತಲೆಗೆ ಮಾತ್ರ ಎಂಬ ಒಪ್ಪಂದವಾಯಿತು. ಬೆವರಿಗೆ ಅಂಚು ಏಳುತ್ತಿದ್ದಾಗ ವೈದ್ಯಕೀಯ ಟೇಪು ಅಂಟಿಸಿದೆವು. ಮೊಮ್ಮಗಳು ಬಂದಾಗಲೆಲ್ಲ ನಾನು ಬನಿಯನ್ ಹಾಕದೆ ಕುಳಿತುಕೊಳ್ಳುತ್ತಿರಲಿಲ್ಲ, ಏಕೆಂದರೆ ಬಳಸಿ ಕಿತ್ತ ಪಟ್ಟಿಯಲ್ಲೂ ಒಂದು ಮಗುವಿನ ಪ್ರಾಣಕ್ಕೆ ಅಪಾಯವಾಗುವಷ್ಟು ಮದ್ದು ಉಳಿದಿರುತ್ತದೆ. ಕಿತ್ತದ್ದನ್ನು ಅಂಟು ಒಳಗಾಗುವಂತೆ ಮಡಚಿ, ಲಕೋಟೆಯಲ್ಲಿ ಬೀಗದ ಕಪಾಟಿನಲ್ಲಿಟ್ಟು, ಹೊಸತು ಪಡೆಯುವಾಗ ಹಿಂದಿರುಗಿಸುತ್ತಿದ್ದೆವು. ಕೌಂಟರಿನಲ್ಲಿ ಅವುಗಳನ್ನು ಎಣಿಸಿಯೇ ಹೊಸದನ್ನು ಕೊಡುತ್ತಿದ್ದರು.

ಅಷ್ಟರಲ್ಲಿ ಬೆನ್ನಿನ ಆ ಮಣಿಗೆ ವಿಕಿರಣ ಚಿಕಿತ್ಸೆಯಾಯಿತು. ಅದರ ಫಲ ಕಾಣಲು ಕೆಲವು ವಾರಗಳು ಬೇಕಾದವು, ಬೊರ್ಟೆಜೊಮಿಬ್ ಕೂಡ ತನ್ನ ಕೆಲಸ ಮಾಡಿತ್ತು. ನೋವಿನ ಅಂಕ ಎರಡರ ಆಸುಪಾಸಿನಲ್ಲಿ ನಿಂತಾಗ, "ಇನ್ನು ಇಳಿಸೋಣ" ಎಂದು ವೈದ್ಯೆಯೇ ಹೇಳಿದರು. ಪಟ್ಟಿಯನ್ನು ಕಿತ್ತೆಸೆದು ಮುಗಿಸುವಂತಿಲ್ಲ. ತಿಂಗಳುಗಟ್ಟಲೆ ಓಪಿಯಾಯ್ಡ್ ಕಂಡ ದೇಹ, ಚಟ ಇರಲಿ ಇಲ್ಲದಿರಲಿ, ಅದಕ್ಕೆ ಹೊಂದಿಕೊಂಡಿರುತ್ತದೆ. ಥಟ್ಟನೆ ನಿಂತರೆ ಪ್ರತಿಭಟಿಸುತ್ತದೆ. 25ರಿಂದ 12ಕ್ಕೆ ಇಳಿಸಿ ಕೆಲವು ವಾರ ಕಾದು, ಆಮೇಲೆ ನಿಲ್ಲಿಸಿದರು. ಇಷ್ಟು ನಿಧಾನವಾಗಿ ಇಳಿದರೂ ಕೊನೆಯ ಪಟ್ಟಿ ತೆಗೆದ ಮೂರನೆಯ ದಿನ ಆಕಳಿಕೆಯ ಮೇಲೆ ಆಕಳಿಕೆ, ಮೂಗಿನಲ್ಲಿ ನೀರು, ಸೆಕೆಯಲ್ಲೂ ಮೈ ನವಿರೇಳುವುದು, ರಾತ್ರಿ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದಂಥ ಚಡಪಡಿಕೆ. ಎಷ್ಟೋ ತಿಂಗಳ ಬಳಿಕ ಕರುಳು ಬೇಡವೆಂದರೂ ಸಡಿಲಗೊಂಡಿತ್ತು. ಷರಾ ಕಾಲಮಿನಲ್ಲಿ ಆ ವಾರದ ಬರಹ ಅತಿ ಉದ್ದನೆಯದು. ಆದರೆ ಪಟ್ಟಿ ಮತ್ತೆ ಬೇಕು ಎಂಬ ಹಂಬಲ ಒಮ್ಮೆಯೂ ಮೂಡಲಿಲ್ಲ. ಬೇಕೆನಿಸಿದ್ದು ನಿದ್ರೆ ಮಾತ್ರ. ವಾರ ಕಳೆಯುವಷ್ಟರಲ್ಲಿ ಅದೂ ಬಂತು.

ಕಪಾಟಿನಲ್ಲಿ ಉಳಿದಿದ್ದ ಮಾರ್ಫಿನ್ ಮಾತ್ರೆಗಳನ್ನು ಲೆಕ್ಕದ ಪುಸ್ತಕದೊಂದಿಗೆ ಆಸ್ಪತ್ರೆಗೆ ಒಯ್ದೆ. ಔಷಧಾಲಯದವರು ತಮ್ಮ ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಹಿಂದಕ್ಕೆ ಪಡೆದುಕೊಂಡು, ಸಹಿ ಹಾಕಿಸಿಕೊಂಡರು. ಈಗ ನಾನು ತೆಗೆದುಕೊಳ್ಳುವುದು ಬೇಕಾದಾಗ ಒಂದು ಪ್ಯಾರಾಸಿಟಮಾಲ್ ಅಷ್ಟೇ. ಆದರೆ ಮೈಲೋಮಾ ಮರಳುವ ಸ್ವಭಾವದ ರೋಗ. ಅದು ಮರಳಿದರೆ ನೋವೂ ಮರಳಬಹುದು, ಆಗ ಇದೇ ಔಷಧಿಗಳು ಬೇಕಾಗಬಹುದು ಎಂಬುದನ್ನು ವೈದ್ಯೆ ಮುಚ್ಚಿಡಲಿಲ್ಲ. ಆಗ ಹಳೆಯ ಪುಸ್ತಕ ತೆರೆದು 15 ಮಿ.ಗ್ರಾಂ.ನಿಂದ ಆರಂಭಿಸುವಂತಿಲ್ಲ, ಏಕೆಂದರೆ ಮದ್ದು ಬಿಟ್ಟ ವಾರಗಳಲ್ಲಿ ದೇಹದ ಸಹನೆಯೂ ಇಳಿದಿರುತ್ತದೆ. ಹಿಂದೆ ಸಲೀಸಾಗಿ ತಡೆದುಕೊಂಡ ಪ್ರಮಾಣವೇ ಉಸಿರು ಕಟ್ಟಿಸಬಹುದು. ನನ್ನ ಫೈಲಿನ ಮೊದಲ ಹಾಳೆಯ ಮೇಲೆ ಅವರು ಕೆಂಪು ಶಾಯಿಯಲ್ಲಿ ಬರೆದಿರುವುದು ಇಷ್ಟು: "ಮೂತ್ರಪಿಂಡದ ತೊಂದರೆ ಇದೆ. ಮೊದಲು ಕ್ರಿಯಾಟಿನಿನ್ ನೋಡಿ. ಓಪಿಯಾಯ್ಡ್ ಬೇಕಾದರೆ ಹೊಸ ರೋಗಿಗೆ ಕೊಡುವಂತೆ ಕನಿಷ್ಠ ಪ್ರಮಾಣದಿಂದ ಆರಂಭಿಸಿ. ಜೊತೆಗೆ ಬಿಸಾಕೊಡಿಲ್."